ಮುಚ್ಚಳವಿರುವ ಡಬ್ಬ

ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ, ಮನೆಯಲ್ಲಿ ಕೂತು ಗಂಡನ ತಲೆ ತಿನ್ನುವುದಕ್ಕಿಂತ ಇದೇ ವಾಸಿ ಅಂತ ನಾನು ಈ ಕೆಲಸಕ್ಕೆ ಸೇರಿದೆ. ಸಂಬಳವಿಲ್ಲ. ಮನೆಯಲ್ಲಿ ಪೆಟ್ಟು ತಿಂದ, ಹಸಿದ ಮಕ್ಕಳ ಪರವಾಗಿ ನ್ಯಾಯಾಧೀಶರ ಮುಂದೆ ಮಾತಾಡಬೇಕು, ಅಷ್ಟೇ. ಅಮೆರಿಕದ ಒಕ್ಲಹೋಮಾದ ನಮ್ಮ ಕಡೆ ಮಕ್ಕಳ ರಕ್ಷಣಾ ಇಲಾಖೆಯವರು ಅಂಗಿ ಬದಲಿಸಿದ ಹಾಗೆ ಬದಲಾಗುತ್ತಾರೆ. ನಮ್ಮಂಥ ಸ್ವಯಂಸೇವಕರು ಮಾತ್ರ ಒಂದು ಮಗುವನ್ನು ಹಿಡಿದರೆ ಕೇಸು ಮುಗಿಯುವ ತನಕ ಬಿಡುವಂತಿಲ್ಲ. ಜಿಗಣೆಗಳು ನಾವು.

ನನ್ನ ಪಾಲಿಗೆ ಬಂದವಳು ಎಂಟು ವರ್ಷದ ಕೊರಾಲಿ. ಅವಳ ತಾಯಿ ನಶೆಯ ಹಿಂದೆ ಬಿದ್ದು ದಿನಗಟ್ಟಲೆ ಮನೆಗೇ ಬರುತ್ತಿರಲಿಲ್ಲ. ಹುಡುಗಿ ಎರಡು ಸಾಕುಮನೆ ದಾಟಿ, ಈಗ ಸೋದರಮಾವ ರಾಯ್ಸ್‌ನ ಹತ್ತಿರ ಇದ್ದಳು. ರಾಯ್ಸ್‌ಗೆ ಮದುವೆಯಿಲ್ಲ, ಟೈರ್ ಅಂಗಡಿಯಲ್ಲಿ ಕೆಲಸ, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಆಸಾಮಿ. ಹುಡುಗಿ ಅಲ್ಲೇ ಉಳಿಯಬೇಕೋ, ಮತ್ತೆ ಯಾರೋ ಗುರುತಿಲ್ಲದವರ ಮನೆಗೆ ಹೋಗಬೇಕೋ ಅಂತ ಆ ಸೋಮವಾರ ಕೋರ್ಟಿನಲ್ಲಿ ತೀರ್ಮಾನ.

ಇಲಾಖೆಗೆ ಹೊಸದಾಗಿ ಬಂದ ಬ್ರಿನ್ ಎಂಬ ಹುಡುಗಿ ಮೊದಲು ಎದ್ದಳು. "ಮೇಡಂ, ಮಗು ಮಂಚದ ಕೆಳಗೆ ತಿಂಡಿ ಬಚ್ಚಿಟ್ಟಿದೆ. ಡಬ್ಬದ ತುಂಬಾ ಬಿಸ್ಕತ್ತು! ಇವರು ಹೊಟ್ಟೆಗೆ ಸರಿಯಾಗಿ ಹಾಕ್ತಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತೆ."

ರಾಯ್ಸ್ ಟೋಪಿ ಹಿಂಡುತ್ತಾ ಕೂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ವರ್ನಾ, ನೀವೇನಂತೀರಿ?" ಅಂದರು ನ್ಯಾಯಾಧೀಶೆ, ನನ್ನ ಕಡೆ ತಿರುಗಿ.

"ಪಾಪ, ಈ ಬ್ರಿನ್ ಕೆಲಸಕ್ಕೆ ಬಂದಿರೋದೇ ಮೊನ್ನೆ, ಮೇಡಂ. ನಾನು ಮೂರೂ ಮನೆ ನೋಡಿದೀನಿ. ಮೂರು ಕಡೇನೂ ಕೊರಾಲಿ ತಿಂಡಿ ಬಚ್ಚಿಟ್ಟಿದಾಳೆ. ಹಸಿವು ಕಂಡ ಮಕ್ಕಳು ಹಾಗೇನೇ. ಮೊದಲನೇ ಮನೇಲಿ ಬೈದ್ರು. ಎರಡನೇ ಮನೇಲಿ ಫ್ರಿಜ್ಜಿಗೇ ಬೀಗ ಜಡಿದ್ರು! ಈ ರಾಯ್ಸ್ ಏನ್ಮಾಡಿದ ಅಂತ ಅವನನ್ನೇ ಕೇಳಿ."

ರಾಯ್ಸ್ ತಡವರಿಸುತ್ತಾ ಎದ್ದ. "ಇರುವೆ ಮುತ್ತುತಿದ್ವು ಮೇಡಂ. ಅದಕ್ಕೇ ಮುಚ್ಚಳ ಇರೋ ಡಬ್ಬ ಕೊಟ್ಟೆ. ಖಾಲಿಯಾದ್ರೆ ನಾನೇ ತುಂಬಿಸಿ ಇಡ್ತೀನಿ. ತಪ್ಪಾಯ್ತಾ?"

ಯಾರೋ ಕಿಸಕ್ಕೆಂದರು. ನ್ಯಾಯಾಧೀಶೆ ಮುಂದಕ್ಕೆ ಬಾಗಿ, ನನ್ನ ಪಕ್ಕ ಕೂತಿದ್ದ ಕೊರಾಲಿಯನ್ನು "ಪುಟ್ಟಿ, ಡಬ್ಬದಲ್ಲಿ ಈಗ ಎಷ್ಟು ಬಿಸ್ಕತ್ತಿದೆ?" ಅಂತ ಕೇಳಿದರು.

ಕೊರಾಲಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಗೊತ್ತಿಲ್ಲ. ನೋಡಿ ತುಂಬಾ ದಿನ ಆಯ್ತು. ನಂಗೆ ಮರ್ತೇ ಹೋಗಿತ್ತು."

ಮರೆತೇ ಹೋಗಿತ್ತಂತೆ! ನಾನು ಕಂಡಾಗಿನಿಂದ ಈ ಮಗುವಿಗೆ ಮುಂದಿನ ಊಟ ಬಿಟ್ಟು ಬೇರೆ ಧ್ಯಾನವೇ ಇರಲಿಲ್ಲ. ಬ್ರಿನ್ ಮೆಲ್ಲಗೆ ಕೂತಳು.

"ಹುಡುಗಿ ಮಾಮನ ಮನೇಲೇ ಇರಲಿ," ಅಂದರು ನ್ಯಾಯಾಧೀಶೆ.

ಟೈರ್ ಅಂಗಡಿಯ ಆ ದೊಡ್ಡ ಆಳು ಎಲ್ಲರೆದುರು ಗೊಳೋ ಅಂತ ಅಳತೊಡಗಿದ. ಕೊರಾಲಿ ಅವನ ತೋಳು ಜಗ್ಗಿದಳು.

"ಸುಮ್ನಿರು ಮಾಮ. ಮನೆಗೆ ಹೋಗೋಣ ಬಾ."