ಚುಕ್ಕಿ ಹಣ್ಣು

ಅಂಗಳದಲ್ಲಿ ಕಲ್ಲವ್ವಳನ್ನು ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದರೆ, ಗಂಡ ಅಲ್ಲಪ್ಪ ಹಿತ್ತಲಲ್ಲಿ ಕೊಕ್ಕೆಗೋಲು ಹಿಡಿದು ಹಣ್ಣು ಕೆಡವುತ್ತಿದ್ದ. ಭಜನೆಯವರು ತಾಳ ಹಿಡಿದು ಕಾಯುತ್ತಿದ್ದರು. ಹೊತ್ತಾಯಿತೆಂದು ಅಯ್ಯನವರು ಆಗಲೇ ಹೇಳಿ ಕಳಿಸಿದ್ದರು. ಮುದುಕನಿಗೆ ತಲೆ ಕೆಟ್ಟಿತು ಎಂದು ಓಣಿಯ ಹೆಂಗಸರು ಸೆರಗಿನ ಮರೆಯಲ್ಲಿ ಮಾತಾಡಿಕೊಂಡರು. ಸತ್ತ ಮನೆಯಲ್ಲಿ ಅತ್ತರೂ ಒಂದು ಮಾತು, ಅಳದಿದ್ದರೂ ಒಂದು ಮಾತು. ಹಣ್ಣು ಕೀಳುವವನನ್ನು ಬಿಟ್ಟಾರೆಯೆ?

ಸೊಸೆ ಮಯೂರಿ ಕರೆಯಲು ಬಂದಳು. ಅವನ ಕಾಲ ಬಳಿಯ ಕೈಚೀಲ ಹಳದಿ ಹಣ್ಣುಗಳಿಂದ ಅರ್ಧ ತುಂಬಿತ್ತು. ಅಡ್ಡ ಕೊಯ್ದರೆ ಐದು ಮೂಲೆಯ ಚುಕ್ಕಿಯಂತೆ ಕಾಣುವ ಹಣ್ಣು.

"ನಿಮ್ಮತ್ತೆಗೆ ಇದಂದ್ರ ಜೀವ," ಎಂದ ಅಲ್ಲಪ್ಪ. "ಮುತ್ತೈದಿ ಆಗಿ ಹೊಂಟಾಳ. ಉಡ್ಯಾಗ ಎರಡು ಹಾಕೂಣು."

ನಿನ್ನೆ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಮಯೂರಿಯೊಬ್ಬಳನ್ನೇ ಪಕ್ಕಕ್ಕೆ ಕರೆದು, ಅತ್ತೆ ಏನೇನು ತಿಂದಿದ್ದರು ಎಂದು ಕೇಳಿದ್ದರು. ಗಂಡ ಕೇದಾರ ಆಗ ಆಂಬ್ಯುಲೆನ್ಸ್ ತರಲು ಹೋಗಿದ್ದ. ಅವಳು ಹಣ್ಣಿನ ವಿಷಯ ಹೇಳಿದಳು. ಅದು ಸ್ಟಾರ್ ಫ್ರೂಟ್, ಒಳ್ಳೆಯ ಹಣ್ಣೇ, ಆದರೆ ಕಿಡ್ನಿ ಕೆಟ್ಟವರಿಗೆ ವಿಷ ಎಂದರು ಡಾಕ್ಟರು. ಅದನ್ನು ಕೈಯಾರೆ ಹೆಚ್ಚಿ ತಿನ್ನಿಸಿದವನು ಮಾವ. ಒಂದು ಜೀವ ಹೋಯಿತು, ಬಾಯಿ ಬಿಟ್ಟರೆ ಇನ್ನೊಂದೂ ಹೋದೀತು ಎಂದು ಮಯೂರಿ ಕೇದಾರನಿಗೂ ಹೇಳದೆ ನುಂಗಿಕೊಂಡಿದ್ದಳು.

ಸತ್ತವರಿಗೆ ಇನ್ನೇನು ವಿಷ? ಅವಳೇ ಎರಡು ಹಣ್ಣು ತೊಳೆದು ತಂದು ಅತ್ತೆಯ ಉಡಿಗೆ ಹಾಕಿದಳು. ಹಾಕಿದವಳೇ ಕೈಯನ್ನು ಸೆರಗಿಗೆ ಒರೆಸಿ ಹಿಂದೆ ಸರಿದಳು. ದುಃಖ ತಾಳದೆ ಸರಿದಳೆಂದು ಎಲ್ಲರೂ ತಿಳಿದರು.

*

ಅಲ್ಲಪ್ಪ, ಕಲ್ಲವ್ವ ಬಾಳೆಲ್ಲ ಕಬನೂರಿನ ಮಗ್ಗದ ಸದ್ದಿನಲ್ಲಿ ಕಳೆದವರು. ಗುಟ್ಟಿನ ಮಾತನ್ನೂ ಕೂಗಿ ಹೇಳುವ ರೂಢಿ. ಮಗ ಗಡಹಿಂಗ್ಲಜದಲ್ಲಿ ಬಟ್ಟೆ ಅಂಗಡಿ ತೆರೆದ ಮೇಲೆ ಇಲ್ಲಿ ಹಿತ್ತಲಿದ್ದ ಮನೆ ಕೊಂಡರು. ಮಾರಿದವರು ನಿವೃತ್ತ ಬ್ಯಾಂಕಿನವರು. ವರ್ಗವಾದ ಊರಿನಿಂದೆಲ್ಲ ಸಸಿ ತಂದು ನೆಡುವ ಹುಚ್ಚು. ಬೀಗದ ಕೈ ಕೊಡುವಾಗ ಗಿಡಗಳ ಹೆಸರನ್ನೆಲ್ಲ ಒಪ್ಪಿಸಿದರು. ಮನೆ ಸಿಕ್ಕ ಸಂಭ್ರಮದಲ್ಲಿ ಅದನ್ನು ಯಾರು ಕೇಳಿಸಿಕೊಂಡರು?

ಅಲ್ಲಿಯವರೆಗೆ ಎಣ್ಣೆ ಡಬ್ಬಿಯಲ್ಲಿ ತುಳಸಿಯನ್ನಷ್ಟೇ ಬೆಳೆಸಿದವಳು ಕಲ್ಲವ್ವ. ಹಾಲುಕ್ಕಿಸುವುದನ್ನು ಸೊಸೆಗೆ ಬಿಟ್ಟು ಒಂದೊಂದು ಗಿಡದ ಎಲೆಯನ್ನೂ ಸವರಿ ನೋಡಿದಳು. ಒಂದರ ಕಾಯಿಗೆ ಕಂಬಳಿಹುಳದ ಹಾಗೆ ಕೂದಲು, ಒಂದರ ಬೊಡ್ಡೆಗೇ ಅಂಟಿಕೊಂಡ ಕರಿ ಹಣ್ಣು. ಗೊತ್ತಿಲ್ಲದ್ದನ್ನು ಮೊದಲು ತಾನೇ ಕಚ್ಚಿ, ಉಳಿದವರಿಗೆ ಮರುದಿನದವರೆಗೆ ಮುಟ್ಟಗೊಡುತ್ತಿರಲಿಲ್ಲ. "ನಾ ಮುಂಜಾನೆ ಎದ್ನೆಂದ್ರ ನೀವು ತಿನ್ರಿ," ಎನ್ನುತ್ತಿದ್ದಳು. ಮುಂಜಾನೆ ಎಲ್ಲರಿಗಿಂತ ಮೊದಲೆದ್ದು ಕಸ ಹೊಡೆಯುತ್ತಿದ್ದಳು. ಚುಕ್ಕಿ ಹಣ್ಣೂ ಹೀಗೆಯೇ ಪಾಸಾಯಿತು. ಆಗ ಅವಳ ಕಿಡ್ನಿ ನೆಟ್ಟಗಿದ್ದವು.

ಆಮೇಲೆ ತವರಿನ ಬೇನೆ ಅವಳನ್ನೂ ಹಿಡಿಯಿತು. ಅವ್ವ ಅದರಲ್ಲೇ ಹೋಗಿದ್ದಳು. ಶಿರೋಳದಲ್ಲಿದ್ದ ತಮ್ಮ ಮಲ್ಲಾರಿಗೂ ಶುರುವಾಗಿತ್ತು. ಡಯಾಲಿಸಿಸ್ ಬಂತು, ಕುಡಿಯುವ ನೀರಿಗೂ ಅಳತೆ ಬಂತು. ಬಾಳೆಹಣ್ಣು, ಮೋಸಂಬಿ, ಎಳನೀರು ಬೇಡವೆಂದರು ಡಾಕ್ಟರು. ಬೇಸಿಗೆಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿ ಅವಳು ಒದ್ದಾಡುವುದನ್ನು ಅಲ್ಲಪ್ಪನಿಗೆ ನೋಡಲಾಗಲಿಲ್ಲ. ಡಾಕ್ಟರು ಬೇಡವೆಂದ ಹಣ್ಣುಗಳಲ್ಲಿ ಚುಕ್ಕಿ ಹಣ್ಣಿನ ಹೆಸರು ಇರಲಿಲ್ಲ. ನೀರು ಕೊಟ್ಟಂತೆಯೂ ಆಗಲಿಲ್ಲ, ಬಾಯಿಯೂ ಹಸಿಯಾಯಿತು ಎಂದುಕೊಂಡು ಹೆಚ್ಚಿ ಕೊಟ್ಟ. ಅವಳು ತಿಂದು ಮತ್ತೆ ಬೇಡಿದಳು.

"ಈಗ ನೋಡ್ರಿ, ಜೀವಕ್ಕ ತಂಪಾತು," ಎಂದಳು.

ಸಂಜೆಗೆ ಬಿಕ್ಕಳಿಕೆ ಹತ್ತಿತು. ಯಾರೋ ನೆನೆಸುತ್ತಿದ್ದಾರೆ, ಹೆಸರು ಹಿಡಿದರೆ ನಿಲ್ಲುತ್ತದೆ ಎಂದು ಮನೆಮಂದಿಯೆಲ್ಲ ಬೀಗರ, ನೆಂಟರ ಹೆಸರು ಹೇಳಿ ನಕ್ಕರು. ಕೊನೆಗೆ ಅಲ್ಲಪ್ಪ ಮಲ್ಲಾರಿಗೆ ಫೋನ್ ಹಚ್ಚಿ, ಅಕ್ಕನನ್ನು ನೆನೆಸುತ್ತಿರುವವನು ನೀನೇ ಏನು ಎಂದು ಕೇಳಿದ. ಹೌದು, ಈಗಷ್ಟೇ ನೆನೆಸಿದೆ ಎಂದ ಅವನು. ಕಲ್ಲವ್ವ ಬಿಕ್ಕುತ್ತಲೇ ಹಿಗ್ಗಿದಳು. ಬೆಳಗಾಗುವಷ್ಟರಲ್ಲಿ ಅವಳಿಗೆ ಯಾರ ಗುರುತೂ ಹತ್ತಲಿಲ್ಲ. ಕೊಲ್ಲಾಪುರಕ್ಕೆ ಒಯ್ದರೂ ಉಳಿಯಲಿಲ್ಲ.

*

ಮಣ್ಣು ಕೊಟ್ಟು ಬಂದು, ಸ್ನಾನ ಮಾಡಿ, ಬೀಗರು ತಂದ ಬುತ್ತಿ ಉಂಡರು. ಶಿರೋಳಕ್ಕೆ ಹೊರಟ ಮಲ್ಲಾರಿ ಚಪ್ಪಲಿ ಮೆಟ್ಟುತ್ತಿದ್ದ. ಅಲ್ಲಪ್ಪ ಆ ಚೀಲ ತಂದು ಅವನ ಕೈಗಿಟ್ಟ.

"ನಿಮ್ಮಕ್ಕನ ಗಿಡದ್ದು. ನಿನಗೂ ನೀರು ಕಮ್ಮಿ ಮಾಡ್ಯಾರಲ್ಲ, ಬಾಯಿ ಒಣಗಿದಾಗ ಒಂದು ಹೋಳು ಹಾಕ್ಕೊ. ಆಕಿಗೆ ಭಾಳ ಹಿತ ಆಗಿತ್ತು."

ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಎಂದು ಮಯೂರಿ ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಮಲ್ಲಾರಿ ಒಂದು ಹಣ್ಣು ತೆಗೆದು, ಅಂಗಿಗೆ ಒರೆಸಿ ಬಾಯಿಗೆ ಒಯ್ದ. ಅವಳು ಹಾರಿ ಕಸಿದುಕೊಂಡಳು.

"ತಿನಬ್ಯಾಡ್ರಿ ಮಾಮಾ. ಕಿಡ್ನಿ ಬ್ಯಾನಿ ಇದ್ದವ್ರಿಗೆ ಇದು ವಿಷ ಐತ್ರಿ."

ಯಾರು ಹೇಳಿದರು ಎಂದು ಅಲ್ಲಪ್ಪ ಕೇಳಿದ. ಡಾಕ್ಟರು, ನಿನ್ನೆ ಎಂದಳು. ನಿನ್ನೆ ಅಂದರೆ ಯಾವಾಗ ಎಂದು ಅವನು ಮತ್ತೆ ಕೇಳಿದಾಗ ಮಯೂರಿ ನೆಲ ನೋಡಿದಳು. ಮುದುಕನಿಗೆ ಅಷ್ಟು ಸಾಕಾಯಿತು.

ಮಲ್ಲಾರಿ ಭಾವನ ಕೈ ಹಿಡಿದ. "ದಾಜಿ, ನಿಮಗೇನು ಗೊತ್ತಿತ್ತು? ಅವತ್ತು ನಾನೂ ಸುಳ್ಳು ಹೇಳ್ದೆ. ಅಕ್ಕನ್ನ ನೆನಸಿರಲಿಲ್ಲ. ಆಕಿ ಖುಷಿ ಆಗ್ಲಿ ಅಂತ ಹೌದು ಅಂದೆ."

ಅಲ್ಲಪ್ಪನ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. "ಇನ್ನೊಂದು ಹೆಚ್ಚರಿ ಅಂದ್ಲು," ಎಂದ. "ಹೆಚ್ಚಿದೆ."

ಮಲ್ಲಾರಿ ಚೀಲ ಬಿಟ್ಟು ಹೋದ. ನಾಳೆಯೇ ಆ ಗಿಡ ಕಡಿಸುತ್ತೇನೆ ಎಂದ ಕೇದಾರ. ಅಲ್ಲಪ್ಪ ಉಳಿದ ಹಣ್ಣಿನ ಚೀಲ ಎತ್ತಿಕೊಂಡು ಹಿತ್ತಲಿಗೆ ನಡೆದ.

ಮಯೂರಿ ಹಿಂದೆಯೇ ಹೋದಳು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಹೆಚ್ಚದೆ, ಬೀಜ ಉಗುಳದೆ, ಒಂದಾದ ಮೇಲೊಂದು ಹಣ್ಣು ತಿನ್ನುತ್ತಿದ್ದ. ರಸ ಗದ್ದಕ್ಕಿಳಿದು ಅಂಗಿ ತೊಯ್ದಿತ್ತು. ತಡೆಯಲು ಎತ್ತಿದ ಕೈಯನ್ನು ಅವಳು ಕೆಳಗಿಳಿಸಿದಳು. ಗಟ್ಟಿ ಜೀವ, ಅವನಿಗೆ ಅದು ಏನೂ ಮಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿದ್ದೀತು.

ಚೀಲ ಬರಿದಾಯಿತು. ಅಲ್ಲಪ್ಪ ಬಾಯಿ ಒರೆಸಿಕೊಳ್ಳದೆ, ಎರಡೂ ಕೈ ಮೊಣಕಾಲ ಮೇಲಿಟ್ಟು, ನೆಟ್ಟಗೆ ಕೂತು ಬಿಕ್ಕಳಿಕೆಗಾಗಿ ಕಾಯತೊಡಗಿದ.