ಎಫೆಸದಲ್ಲಿ ಎದ್ದ ಅಪೊಸ್ತಲ

ಎಫೆಸದ ಗುಡ್ಡದ ಮೇಲೆ ಯೇಸುವಿನ ಶಿಷ್ಯನಾದ ಅಪೊಸ್ತಲ ಯೋಹಾನ ಸತ್ತಿಲ್ಲ, ಸಮಾಧಿಯೊಳಗೆ ಮಲಗಿದ್ದಾನೆ. ಅವನು ಉಸಿರು ಬಿಟ್ಟಾಗಲೆಲ್ಲ ಮೇಲಿನ ಮಣ್ಣು ಮೆಲ್ಲಗೆ ಉಕ್ಕುತ್ತದೆ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆ ಮಣ್ಣು ಎಲ್ಲ ಕಾಯಿಲೆಗೂ ಮದ್ದು. ಅದನ್ನು ಮನೆಗೊಯ್ಯುವ ಪುಟ್ಟ ಕುಪ್ಪಿಗಳನ್ನು ಮಾಡಿ ಚರ್ಚಿನ ಬಾಗಿಲಲ್ಲಿ ಮಾರುವವಳು ವಿಧವೆ ಮೆಲಿತೀನೆ.

ಈ ಸಲದ ಹಬ್ಬಕ್ಕೆ ಅವಳು ಕುಪ್ಪಿಯ ಮೇಲೆ ಅಪೊಸ್ತಲನ ಮುಖ ಮೂಡುವಂಥ ಹೊಸ ಅಚ್ಚು ಕೆತ್ತಿದ್ದಳು. ಆ ಮುಖ ಕಂಡವರು ಯಾರು? ಗುಡ್ಡದ ಬುಡದಲ್ಲಿ ಮೀನು ಮಾರುವ ಗ್ಲಿಕೋನನ ಗಡ್ಡ ಹೊಟ್ಟೆಯವರೆಗೆ ಗಂಭೀರವಾಗಿ ಇಳಿದಿತ್ತು. ಅದನ್ನೇ ಕೆತ್ತಿದಳು. ಮೂಗನ್ನೂ ಬಿಡಲಿಲ್ಲ.

ಹಬ್ಬದ ಬೆಳಿಗ್ಗೆ ಫ್ರುಗ್ಯ ನಾಡಿನಿಂದ ಯಾತ್ರೆಗೆ ಬಂದ ಅಜ್ಜಿಯೊಬ್ಬಳು ಕುಪ್ಪಿ ಕೊಂಡು, ಕೆಳಗಿಳಿದು ಮೀನು ಕೊಳ್ಳಲು ಹೋದಳು. ಕುಪ್ಪಿ ನೋಡಿದಳು, ಗ್ಲಿಕೋನನನ್ನು ನೋಡಿದಳು, ಧೊಪ್ಪೆಂದು ಕಾಲಿಗೆ ಬಿದ್ದಳು. “ಅಪೊಸ್ತಲ ಎದ್ದಿದ್ದಾನೆ ಕಣ್ರಪ್ಪೋ!”

ಯಾತ್ರಿಕರೆಲ್ಲ ಅಲ್ಲಿಗೇ ನುಗ್ಗಿದರು. ಅವನ ಕಾಲಡಿಯ ಮಣ್ಣನ್ನು ಬಗೆದು ಕುಪ್ಪಿಗೆ ತುಂಬಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಗ್ಲಿಕೋನ ಮೊಣಕಾಲುದ್ದದ ಗುಂಡಿಯಲ್ಲಿ ನಿಂತಿದ್ದ.

ಗುಡ್ಡದ ಮೇಲೆ ಪಾದ್ರಿಗಳು ಮೆಲಿತೀನೆಯನ್ನು ತರಾಟೆಗೆ ತೆಗೆದುಕೊಂಡರು. “ಸಮಾಧಿ ಹತ್ರ ಒಂದು ನೊಣ ಇಲ್ಲ. ಸಂಜೆಯೊಳಗೆ ಜನ ವಾಪಸ್ ಬರ್ದಿದ್ರೆ ಈ ಬಾಗಿಲಲ್ಲಿ ನಿನಗೆ ಜಾಗ ಇಲ್ಲಮ್ಮ.”

ಆ ಜಾಗ ಹೋದರೆ ಅವಳ ಬದುಕೇ ಹೋದಂತೆ. ಒಂದೇ ಉಸಿರಿಗೆ ಕೆಳಗಿಳಿದಳು. ಗ್ಲಿಕೋನ ಬಂಗುಡೆ ಹಿಡಿದ ಕೈಯಲ್ಲೇ ಆಶೀರ್ವಾದ ಮಾಡುತ್ತಿದ್ದ.

“ಗ್ಲಿಕೋನಣ್ಣ, ಆ ಗಡ್ಡ ಬೋಳಿಸ್ಕೊ ಮಾರಾಯ.”

“ಯಾಕೆ? ಮೂವತ್ತು ವರ್ಷ ನನ್ನ ಕಂಡ್ರೆ ಮೂಗು ಮುಚ್ಚಿಕೊಂಡೋರು ಇವತ್ತು ಸುಗಂಧ ಅಂತಿದ್ದಾರೆ.”

“ನೀನು ಅಪೊಸ್ತಲ ಅಂತ ಹೇಳಿದ್ಯಾ?”

“ಹೌದು ಅಂತ ಹೇಳಿಲ್ಲ. ಹೌದಾ ಅಲ್ವಾ ಅಂತ ಯಾರೂ ಕೇಳಿಲ್ಲ.”

ಮೆಲಿತೀನೆ ಅವನನ್ನು ಚೆನ್ನಾಗಿ ಬಲ್ಲವಳು. ಚರ್ಚಿನಲ್ಲಿ ಸುವಾರ್ತೆ ಓದುವಾಗ ಗೊರಕೆ ಹೊಡೆಯುವ ಆಸಾಮಿ. ಆದರೆ ಬೇರೆಯವರು ಹಿಡಿದ ಮೀನಿನ ಜಂಬ ಕೇಳಿದರೆ ಮೈಯೆಲ್ಲ ಉರಿ. ಅವಳು ಕೈಮುಗಿದು ಗಟ್ಟಿಯಾಗಿ ಕೇಳಿದಳು:

“ಸ್ವಾಮಿ, ಸುವಾರ್ತೆಯಲ್ಲಿ ಬರ್ದಿರೋ ಹಾಗೆ ಅವತ್ತು ಸರೋವರದಲ್ಲಿ ನೂರ ಐವತ್ತಮೂರು ದೊಡ್ಡ ಮೀನು ಸಿಕ್ಕಿದ್ರೂ ಬಲೆ ಹರೀಲಿಲ್ವಂತಲ್ಲ, ಹೇಗೆ?”

ಗ್ಲಿಕೋನನ ಆಶೀರ್ವಾದ ಅರ್ಧಕ್ಕೇ ನಿಂತಿತು. “ನೂರ ಐವತ್ತಮೂರಾ? ಬಲೆ ಹರೀಲಿಲ್ವಾ? ಯಾವನು ಬರ್ದಿದ್ದು ಇದನ್ನ? ಅವನು ಜನ್ಮದಲ್ಲಿ ಬಲೆ ಮುಟ್ಟಿರೋನಲ್ಲ.”

ಆಶೀರ್ವಾದಕ್ಕೆ ಬಾಗಿದ್ದವರು ತಲೆಯೆತ್ತಿದರು. ಹಿಂದಿನಿಂದ ಮುದುಕನೊಬ್ಬ ಕೇಳಿದ: “ಆ ಸುವಾರ್ತೆ ಬರ್ದಿದ್ದು ಅಪೊಸ್ತಲ ಯೋಹಾನನೇ ಅಲ್ವೇನಯ್ಯ?”

ಫ್ರುಗ್ಯದ ಅಜ್ಜಿ, ಅವನ ಪಾದಕ್ಕೆ ಮುತ್ತಿಟ್ಟ ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು. ಕುಪ್ಪಿಯ ಮಣ್ಣನ್ನು ಅವನ ಗುಂಡಿಗೇ ಸುರಿದಳು. ಜನರೆಲ್ಲ ಗೊಣಗುತ್ತ ಗುಡ್ಡ ಹತ್ತಿದರು. ಮೆಲಿತೀನೆ ಎಲ್ಲರಿಗಿಂತ ಮುಂದೆ ಹೋಗಿ ತನ್ನ ಜಾಗದಲ್ಲಿ ಕೂತಳು.

ಅಜ್ಜಿ ಮಾತ್ರ ಕುಪ್ಪಿ ತಿರುಗಿಸಿ ತಿರುಗಿಸಿ ನೋಡಿದಳು. “ಅಲ್ವೇ, ಮುಖ ಆ ಮೀನಿನವನದ್ದೇ ಇದೆಯಲ್ಲೇ?”

“ಮುಖ ಅಪೊಸ್ತಲನದೇ ಅಜ್ಜಿ,” ಎಂದಳು ಮೆಲಿತೀನೆ. “ಬಾಯಿ ಮಾತ್ರ ಗ್ಲಿಕೋನನದು. ಕುಪ್ಪಿ ಮಾತಾಡಲ್ಲ, ಧೈರ್ಯವಾಗಿ ತಗೊಂಡ್ಹೋಗಿ.”