ಪಂಪಿನ ನೀರು

ಪೆಟ್ಟಿಗೆಯ ಮೇಲೆ ಬಾಣದ ಗುರುತಿದ್ದರೂ ಹಾವೇರಿಯ ಕೊರಿಯರ್ ಆಫೀಸಿನವ ಅದನ್ನು ತಲೆಕೆಳಗಾಗಿ ಒಗೆದಿದ್ದ. ಬೇರೆ ದಿನವಾಗಿದ್ದರೆ ಯುವರಾಜ ಅವನ ಕಾಲರಿಗೆ ಕೈ ಹಾಕುತ್ತಿದ್ದ. ಊರಲ್ಲಿ ಹೆಂಡತಿ ಅರುಣಾ ಬಾಗಿಲಲ್ಲೇ ಕಾಯುತ್ತಿರುತ್ತಾಳೆಂದು ಹಲ್ಲು ಕಚ್ಚಿಕೊಂಡು ಬೈಕು ಹತ್ತಿದ.

ಎರಡು ತಿಂಗಳ ಹಿಂದೆ ಅವರ ಕೂಸು ಹುಟ್ಟಿದ ದಿನವೇ ಸತ್ತಿತ್ತು. ಮಣ್ಣು ಮಾಡಿ ಬಂದವರ ಎದುರಿಗೇ ಅವನ ಅವ್ವ ಹೊಳಿಯವ್ವ, “ಆಕಿ ಕೈಗುಣಾನ ಅಷ್ಟರಿ. ಆಕಿ ಹಚ್ಚಿದ ತುಳಸೀನೂ ಒಣಗಿತ್ತು” ಅಂದುಬಿಟ್ಟಳು. ಅವತ್ತಿನಿಂದ ಅರುಣಾ ಮಾತೇ ಬಿಟ್ಟಿದ್ದಳು. ಒಂದು ಸಂಜೆ ಮೊಬೈಲಿನಲ್ಲಿ ಮಲ್ಲಿಗೆ ಸಸಿಗಳ ಚಿತ್ರ ನೋಡಿ ತಾನಾಗಿಯೇ ಬಾಯಿ ತೆರೆದಳು: “ಇವನ್ನ ತರಸ್ತೀರೇನು? ನಾನ ಹಚ್ಚಿ ನೋಡ್ತೇನಿ.”

ಈಗ ಪೆಟ್ಟಿಗೆಯ ಟೇಪು ಕತ್ತರಿಸಿದವಳೂ ಅವಳೇ. ಕಾಗದದ ಚೂರು, ನಾರಿನ ಪುಡಿ, ಅದರೊಳಗೆ ಕುತ್ತಿಗೆ ಚೆಲ್ಲಿದ ನಾಲ್ಕು ಸಸಿ.

“ನಮ್ಮೂರಾಗ ಗಿಡಾ ಇಲ್ಲೇನಲೇ? ಪೆಟ್ಟಿಗ್ಯಾಗ ಬರಾಕ ಇವೇನು ಚಪ್ಪಲೇನು?” ಎಂದಳು ಹೊಳಿಯವ್ವ.

“ಬಾಯಿ ಮುಚ್ಕೊಂಡು ಒಳಗ ನಡಿಬೇ!” ಯುವರಾಜ ಅವ್ವನಿಗೆ ಗದರಿದ.

ಅರುಣಾ ನಕ್ಕಳು. ಖರೇ ನಕ್ಕಳು. ಸಸಿಗಳನ್ನು ಡಬ್ಬಿಗಳಿಗೆ ಹಚ್ಚಿ, ಬೇವಿನ ನೆರಳಿಗಿಟ್ಟು, ಜೊತೆಗೆ ಬಂದ ಚೀಟಿ ಓದಿದಳು. “ಎಲಿ ಮ್ಯಾಲ ಮಂಜಿನಂಗ ನೀರ ಹೊಡೀಬೇಕಂತ.”

“ಮಂಜಿನಂಗ? ನನ್ನ ಕಸಬ ಅದ ಐತಲ್ಲ!”

ಎಂಟನೇ ತರಗತಿಗೆ ಸಾಲಿ ಬಿಟ್ಟಾಗಿನಿಂದ ಯುವರಾಜ ಗುತ್ತಲದ ಸುತ್ತಿನ ಹೊಲಗಳಿಗೆ ಕೂಲಿಯ ಮೇಲೆ ಔಷಧ ಹೊಡೆಯುತ್ತಿದ್ದ. ಹಿಂದಿನ ದಿನ ಗೋವಿನಜೋಳದಲ್ಲಿ ಕಳೆ ಸುಡುವ ಎಣ್ಣೆ ಹೊಡೆದು ಬಂದಿದ್ದ. ಬೆನ್ನಿಗೆ ಹಾಕಿಕೊಳ್ಳುವ ಅದೇ ಪಂಪಿಗೆ ನೀರು ಹಾಕಿ ಒಮ್ಮೆ ಕುಲುಕಿ ಚೆಲ್ಲಿ, ಹೊಸ ನೀರು ತುಂಬಿ ಸಸಿಗಳಿಗೆ ಹೊಡೆದ. ಅವಳ ನಗು ಆರುವ ಮೊದಲೇ ಲಗೂ ಹೊಡೆಯಬೇಕಿತ್ತು ಅವನಿಗೆ.

ಮೂರನೆಯ ದಿನ ಎಲೆಗಳು ಉಗುರಿನಂತೆ ಮುದುಡಿದವು. ಕಾಂಡ ಹಗ್ಗದಂತೆ ತಿರುಚಿತು. ಆ ತಿರುಚು ಅವನಿಗೆ ಚೆನ್ನಾಗಿ ಗೊತ್ತಿತ್ತು. ರೈತರು ಅವನಿಗೆ ಕೂಲಿ ಕೊಡುತ್ತಿದ್ದುದೇ ಅದಕ್ಕೆ.

ಅರುಣಾ ಡಬ್ಬಿಗಳ ಮುಂದೆ ಕೂತಿದ್ದಳು, ಬೆರಳು ಮಣ್ಣಿನೊಳಗಿಟ್ಟುಕೊಂಡು.

“ನಂದ ತಪ್ಪ, ಅರುಣಾ. ಪಂಪಿನ್ಯಾಗ ಕಳೆ ಸುಡು ಎಣ್ಣಿ ಉಳದಿತ್ತು.”

“ಬಿಡ್ರಿ. ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ್ರಿ.”

“ಖರೇನ! ನಿನ್ನ ಆಣಿ!”

“ಕೂಸ ಹೋದಾಗೂ ಹಿಂಗ ಆಣಿ ಮಾಡಿದ್ರಿ. ನಿನ್ನ ತಪ್ಪಲ್ಲಾ ಅಂತ.”

ಅವನು ಪಂಪನ್ನು ಎತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ. ಪ್ಲಾಸ್ಟಿಕ್ ಸೀಳಿ, ತಳದಲ್ಲುಳಿದ ನೀರು ಅಂಗಳಕ್ಕೆ ಹರಿದು, ಗಬ್ಬನೆ ಎಣ್ಣೆಯ ವಾಸನೆ ಎದ್ದಿತು. “ಮೂಸ ನೋಡ! ಮೂಸ ನೋಡ ಒಮ್ಮೆ!” ಎಂದು ಕಿರುಚಿದ.

ಅವಳು ತಿರುಗಿಯೂ ನೋಡಲಿಲ್ಲ. ಎದ್ದುಹೋಗಿ ಬಕೇಟಿನಲ್ಲಿ ಕೈ ತೊಳೆದಳು. ಮಣ್ಣು ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಅವನು ಹತ್ತಿರ ಹೋಗಿ ಆ ಕೈ ಹಿಡಿಯಬೇಕೆನ್ನುವಷ್ಟರಲ್ಲಿ ಎರಡನ್ನೂ ಬೆನ್ನ ಹಿಂದೆ ಅಡಗಿಸಿಕೊಂಡಳು.

“ಮುಟ್ಟಬ್ಯಾಡ್ರಿ” ಎಂದಳು. “ನೀವಾದ್ರೂ ಉಳೀರಿ.”